ಭಟ್ಟಿಬುವಾರ ಮುಲ್ತಾನಿ

ನಾನು ಕೆಲಸ ಮಾಡುವ ಖೋಲಿಯೊಳಗೆ ಇನ್ನೊಂದು ಖೋಲಿಯಿದೆ. ದಪ್ಪ ಬಾಗಿಲು, ಗೋಡೆಗೆಲ್ಲ ಮೆತ್ತನೆಯ ಹೊದಿಕೆ, ಒಂದು ಸಣ್ಣ ಗಾಜಿನ ಕಿಟಕಿ. ನೆಹರು ನಗರದ ಆಸ್ಪತ್ರೆಯೊಂದರಲ್ಲಿ ಕಿವಿ ಪರೀಕ್ಷೆ ಮಾಡುವವಳು ನಾನು. ಪೇಶಂಟು ಆ ಒಳಖೋಲಿಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೈಯಲ್ಲಿ ಒಂದು ಗುಂಡಿ ಹಿಡಿದು ಕೂಡಬೇಕು. ನಾನು ಹೊರಗಿನಿಂದ ಸಣ್ಣ ಸಣ್ಣ ಧ್ವನಿ ಕಳಿಸುತ್ತೇನೆ. ಕೇಳಿಸಿದರೆ ಅವರು ಗುಂಡಿ ಒತ್ತಬೇಕು, ಒತ್ತಿದರೆ ನನ್ನ ಯಂತ್ರದ ಮೇಲೆ ಹಸಿರು ದೀಪ ಹತ್ತುತ್ತದೆ. ಇಷ್ಟೇ ನನ್ನ ನೌಕರಿ.

ಒಳಖೋಲಿಯ ಬಾಗಿಲು ಹಾಕಿದರೆ ಹೊರಗಿನ ಬೆಳಗಾವಿ ಪೂರಾ ಬಂದ್. ಬಸ್ಸಿನ ಹಾರ್ನಿಲ್ಲ, ಮಳೆಯ ಸದ್ದಿಲ್ಲ, ಕಾರಿಡಾರಿನಲ್ಲಿ ಚೀರಾಡುವ ವಾರ್ಡ್‌ಬಾಯ್ ಇಲ್ಲ. ಹೊಸಬರು ಹೆದರುತ್ತಾರೆ, ತಮ್ಮ ಎದೆ ಬಡಿತವೇ ಕೇಳಿಸುತ್ತದೆ ಅನ್ನುತ್ತಾರೆ. ನನಗೆ ಅದು ರೂಢಿಯಾಗಿತ್ತು. ಆಗಿತ್ತು ಅಂತಲೇ ಬರೆಯಬೇಕು. ಈಚೆಗೆ ಆ ಬಾಗಿಲು ಹಾಕುವಾಗ ನನ್ನ ಕೈ ತಡೆಯುತ್ತದೆ.

ಅವರನ್ನು ನಾನು ಮೊದಲು ನೋಡಿದ್ದು ಆ ಖೋಲಿಯಲ್ಲೇ. ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ. "ಹೆಸರು ಹಾಜರಿ ತಗೊಳ್ಳಾಕ ಅಷ್ಟ ಬೇಕ್ರಿ" ಅನ್ನುತ್ತಿದ್ದ ಮನುಷ್ಯ. ನಮ್ಮ ಗಾಯನದ ಮಂದಿ ಅವರನ್ನು ಭಟ್ಟಿಬುವಾ ಅಂತ ಕರೆಯುತ್ತಿದ್ದರು. ಹಾಡುವವರನ್ನು ಬುವಾ ಅನ್ನುವುದು ನಮ್ಮ ಕಡೆಯ ರೂಢಿ. ಭಟ್ಟಿ ಅವರ ನೌಕರಿ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಕಬ್ಬಿಣ ಕರಗಿಸುವ ಕರೆಂಟಿನ ಭಟ್ಟಿಯ ಮುಂದೆ ನಿಲ್ಲುವ ಕೆಲಸ.

ಕಂಪನಿಯವರು ವರ್ಷಕ್ಕೊಮ್ಮೆ ಕೆಲಸಗಾರರನ್ನು ಟೆಂಪೋದಲ್ಲಿ ತುಂಬಿ ಕಣ್ಣು, ಕಿವಿ, ಎದೆ ತಪಾಸಣೆಗೆ ಕಳಿಸುತ್ತಿದ್ದರು. ಹಾಗೆ ಬಂದ ಒಂದು ಗುಂಪಿನಲ್ಲಿ ಅವರಿದ್ದರು. ತೆಳ್ಳಗೆ, ಎತ್ತರಕ್ಕೆ, ಬೇಸಿಗೆಯ ಧಗೆಯಲ್ಲೂ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು ಗುಂಡಿ ಹಾಕಿಕೊಂಡಿದ್ದರು. ಒಳಗೆ ಕೂಡಿಸಿ, ಬಾಗಿಲು ಹಾಕಿ, ನಾನಿನ್ನೂ ನನ್ನ ಕುರ್ಚಿಗೆ ಬಂದು ಕೂತಿರಲಿಲ್ಲ, ಹಸಿರು ದೀಪ ಹತ್ತಿತು. ಆರಿತು. ಮತ್ತೆ ಹತ್ತಿತು, ಈ ಸಲ ಆರಲೇ ಇಲ್ಲ. ನಾನು ಒಂದು ಧ್ವನಿಯನ್ನೂ ಕಳಿಸಿರಲಿಲ್ಲ. ಹೊರಗೆ ಇನ್ನೂ ಟೆಂಪೋ ತುಂಬ ಮಂದಿ ಕಾಯುತ್ತಿದ್ದರು, ನನಗೆ ಸಿಟ್ಟು ನೆತ್ತಿಗೇರಿತು. ಹೋಗಿ ಬಾಗಿಲು ತೆರೆದೆ.

"ಏನ್ರೀ, ಆಟಾ ಆಡಾಕ ಬಂದೀರೇನು? ನಾ ಇನ್ನೂ ಧ್ವನಿ ಕಳಿಸೇ ಇಲ್ಲ, ನೀವು ಗುಂಡಿ ಒತ್ತಾಕತ್ತೀರಿ!"

"ಕೇಳಸಾಕತ್ತಿತ್ರಿ. ಅದಕ್ಕ ಒತ್ತಿದೆ."

"ಏನು ಕೇಳಸಾಕತ್ತಿತ್ತು?"

ಅವರು ನನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ಹಣಕಿ ನೋಡಿ, ದನಿ ಸಣ್ಣದು ಮಾಡಿ ಹೇಳಿದರು: "ಷಡ್ಜ ರೀ."

ಹೇಳಿ ಸುಮ್ಮನಾಗಲಿಲ್ಲ. ಕಣ್ಣು ಮುಚ್ಚಿ, ಬಾಯಿ ತೆರೆಯದೆ, ಆ ಸಾ ಹಿಡಿದು ತೋರಿಸಿದರು. ಆ ಮೆತ್ತನೆಯ ಗೋಡೆಗಳ ನಡುವೆ ಅದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದ ಹಾಗೆ ತುಂಬಿಕೊಂಡಿತು. ನನ್ನ ಸಿಟ್ಟು ಎಲ್ಲಿ ಹೋಯಿತೋ. ಯಾಕೆಂದರೆ ಕಿವಿ ಪರೀಕ್ಷೆ ನನ್ನ ಹೊಟ್ಟೆಪಾಡು ಅಷ್ಟೇ. ಹಾರ್ಮೋನಿಯಂ ನುಡಿಸುವುದು ನನ್ನ ಜೀವ. ಅಪ್ಪ ವಚನ ಹಾಡುವವರ ಹಿಂದೆ ಮಠದಲ್ಲಿ ಪೇಟಿ ನುಡಿಸುತ್ತಿದ್ದರು. ಅದೇ ಪೇಟಿಯನ್ನು ನಾನು ಗಾಯಕರ ಹಿಂದೆ ನುಡಿಸುತ್ತ ಬಂದಿದ್ದೇನೆ. ಆ ಸಂಜೆ ಮನೆಗೆ ಹೋಗಿ, ಚಹಾ ಕುಡಿಯುವ ಮೊದಲೇ ಪೇಟಿ ತೆಗೆದು ಆ ಸಾ ಹುಡುಕಿದೆ. ಕರಿ ಪಟ್ಟಿಗೂ ಹೊಂದಲಿಲ್ಲ, ಬಾಜೂದ ಬಿಳಿ ಪಟ್ಟಿಗೂ ಹೊಂದಲಿಲ್ಲ. ಎರಡರ ನಡುವೆ ಎಲ್ಲೋ ಇತ್ತು.

ವೈದ್ಯಕೀಯವಾಗಿ ಇದರಲ್ಲಿ ವಿಶೇಷವೇನೂ ಇಲ್ಲ. ಗದ್ದಲದಲ್ಲಿ ವರ್ಷಗಟ್ಟಲೆ ನಿಂತವರ ಕಿವಿಯಲ್ಲಿ, ಗದ್ದಲ ಮುಗಿದ ಮೇಲೂ ಒಂದು ಗುಂಯ್ ಉಳಿದುಬಿಡುತ್ತದೆ. ಹೊರಗೆ ಎಲ್ಲಿಯೂ ಇಲ್ಲದ ಸದ್ದು ಅದು. ಮಂದಿ ಅದನ್ನು ಜಿರಳೆ ಅನ್ನುತ್ತಾರೆ, ಕುಕ್ಕರಿನ ಸೀಟಿ ಅನ್ನುತ್ತಾರೆ, ಹೆಂಡತಿಯ ಬೈಗುಳ ಅಂದವರೂ ಇದ್ದಾರೆ. ಷಡ್ಜ ಅಂದವರು ಅವರೊಬ್ಬರೇ.

ನಮ್ಮ ಬೆಳಗಾವಿಯಲ್ಲಿ ಹಾಡುವವರಿಗೇನೂ ಕೊರತೆಯಿಲ್ಲ. ಹಾಡಿಯೇ ಬದುಕುವವರು ಮಾತ್ರ ಸಿಗುವುದಿಲ್ಲ. ಶಹಾಪುರದಲ್ಲಿ ಒಬ್ಬ ನಿವೃತ್ತ ಸಾಲಿ ಮಾಸ್ತರರ ಮನೆಯ ಪಡಸಾಲೆಯಲ್ಲಿ ರವಿವಾರ ಬೈಠಕ್ ನಡೆಯುತ್ತದೆ. ಜಮಖಾನ ಹಾಸಿ, ಚಹಾ ಇಟ್ಟು, ಮಾಸ್ತರರು ಬಾಗಿಲಲ್ಲಿ ನಿಂತು "ಬರ್ರಿ, ಕುಂದರ್ರಿ" ಅನ್ನುತ್ತಾರೆ. ತಬಲಾ ನುಡಿಸುವವನು ಖಾನಾಪುರದ ಬಸ್ಸಿನ ಕಂಡಕ್ಟರ್. ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು ಕೂಡುತ್ತಾನೆ. ತಂಬೂರಿ ಎಲೆಕ್ಟ್ರಾನಿಕ್ ಡಬ್ಬಿ, ಅದಕ್ಕೆ ಮಾತ್ರ ಬೇರೆ ನೌಕರಿ ಇಲ್ಲ. ಭಟ್ಟಿಬುವಾ ಅಲ್ಲಿಗೆ ಬರುತ್ತಿದ್ದರು, ಶಿಫ್ಟು ಬಿಡುವು ಕೊಟ್ಟಾಗ. ಅವರನ್ನು ಅಲ್ಲಿ ಕಂಡ ದಿನ ನಾನು "ಅಯ್ಯ, ನೀವಾ!" ಅಂದೆ. ಅವರು ನಕ್ಕು, "ಇಲ್ಲಿ ಬೈಯಬ್ಯಾಡ್ರಿ ಅಕ್ಕಾರ, ಗುಂಡಿ ತಂದಿಲ್ಲ" ಅಂದರು. ಅವತ್ತಿನಿಂದ ನಾನು ಅವರ ಪೇಟಿಯವಳು.

ಅವರ ಸಂಗೀತವೆಲ್ಲ ಶಿಫ್ಟಿನ ಲೆಕ್ಕದಲ್ಲಿ ನಡೆಯುತ್ತಿತ್ತು. "ಫಸ್ಟ್ ಶಿಫ್ಟ್ ವಾರ ಸಂಜಿ ರಾಗ, ಸೆಕೆಂಡ್ ಶಿಫ್ಟ್ ವಾರ ಮುಂಜಾನಿ ರಾಗ. ನೈಟ್ ಶಿಫ್ಟ್ ವಾರ ಎಲ್ಲಾ ರಾಗಕ್ಕೂ ನಿದ್ದಿ" ಅನ್ನುತ್ತಿದ್ದರು. ಖಾನಾಪುರದಿಂದ ಉದ್ಯಮಬಾಗಕ್ಕೆ ಬಸ್ಸಿನಲ್ಲಿ ಬರುವಾಗ ಕಂಡಕ್ಟರನ ಜೋಡಿ ತಾಲೀಮು. ಅವನು ಟಿಕೆಟ್ ಯಂತ್ರದ ಮೇಲೆ ಬೆರಳಲ್ಲಿ ಠೇಕಾ ಕುಟ್ಟುತ್ತ ಮುಂದೆ ಹಿಂದೆ ಓಡಾಡುವುದು, ಇವರು ಕಿಟಕಿಗೆ ಮುಖ ಮಾಡಿ ಗುನುಗುವುದು. ತಾಳದ ಮೊದಲ ಪೆಟ್ಟು, ಸಮ್, ಬಂದಾಗ ಇಬ್ಬರೂ ಒಮ್ಮೆಲೇ ಗೋಣು ಹಾಕಿದರೆ, ಪಕ್ಕದ ಪ್ಯಾಸೆಂಜರು ತನಗೇ ಏನೋ ಹೇಳಿದರು ಅಂದುಕೊಂಡು ಎದ್ದು ಜಾಗ ಬಿಡುತ್ತಿದ್ದ. ನಾನೇ ಒಮ್ಮೆ ಕಣ್ಣಾರೆ ಕಂಡಿದ್ದೇನೆ.

ಖಾನಾಪುರದಾಚೆ ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವರು. ಅಪ್ಪ ಡೊಳ್ಳಿನ ಪದ ಹೇಳುತ್ತಿದ್ದರಂತೆ. ಆ ಬಯಲಿನ ದನಿಯೇ ಇವರಿಗೆ ಬಂದಿತ್ತು, ಎದೆಯಿಂದ ನೆಟ್ಟಗೆ ಬರುವ ದನಿ. ತೋಳಿನ ತುಂಬ ಕಾದ ಕಬ್ಬಿಣ ಸಿಡಿದ ಕಲೆ, ಸಾಸಿವೆ ಚೆಲ್ಲಿದ ಹಾಗೆ. ಹಾಡಲು ಕೂತಾಗ ಅವು ಕಾಣಬಾರದು ಅಂತಲೇ ಆ ಉದ್ದ ತೋಳು. ಎಡಗಡೆಯಿಂದ ಕರೆದರೆ ಅವರಿಗೆ ಕೇಳಿಸುತ್ತಿರಲಿಲ್ಲ. ಭಟ್ಟಿ ಯಾವಾಗಲೂ ಆ ಕಡೆಗೇ ಇರುತ್ತಿತ್ತು. ಹಾಗಾಗಿ ತಂಬೂರಿ ಡಬ್ಬಿ ಬಲಕ್ಕೆ, ನಾನೂ ಬಲಕ್ಕೆ. "ಕಂಪನಿ ನನ್ನ ಕೈ ತಗೊಂಡೈತ್ರಿ, ಗಂಟಲಾ ತಗೊಂಡಿಲ್ಲ" ಅನ್ನುವುದು ಅವರ ರೂಢಿಯ ಮಾತು. ಕಿವಿಯ ಸುದ್ದಿ ತೆಗೆಯುತ್ತಿರಲಿಲ್ಲ.

ಹಾಡಿಕೆಯಲ್ಲಿ ಅವರಿಗೊಂದು ದೋಷವಿತ್ತು. ಎಲ್ಲರಿಗೂ ಗೊತ್ತಿದ್ದ ದೋಷ. ಏರುತ್ತಿದ್ದರು. ಸಾ ಹಿಡಿದು ಶುರು ಮಾಡಿದರೆ ಬಂಗಾರದಂಥ ಸಾ. ಹಾಡು ಬೆಳೆದ ಹಾಗೆ ಆ ಸಾ ಕೂದಲೆಳೆಯಷ್ಟು, ಮತ್ತೊಂದು ಎಳೆಯಷ್ಟು, ಮೇಲೆ ಮೇಲೆ ಸರಿಯುತ್ತಿತ್ತು. ತಂಬೂರಿ ನಿಂತಲ್ಲೇ ನಿಂತಿರುತ್ತಿತ್ತು, ಪೇಟಿಯೂ ಅಲ್ಲೇ, ಬುವಾ ಒಬ್ಬರೇ ಮೇಲೆ. ಅವರ ಗುರುಗಳು ಬದುಕಿದ್ದಾಗ ತಂಬೂರಿ ಬಡಿದು, "ಏನ ಏರತೀಯೋ, ಇಲ್ಲೇ ನಿಂದರೋ" ಅಂತ ಬೈಯುತ್ತಿದ್ದರಂತೆ. ಇವರು, "ನಾ ಎಲ್ಲಿ ಏರೇನ್ರಿ, ತಂಬೂರಿನ ಇಳದೈತಿ" ಅಂತ ವಾದ ಮಾಡುತ್ತಿದ್ದರಂತೆ. ಅದಕ್ಕೇ ಬೈಠಕಿನಲ್ಲಿ ಅವರಿಗೆ ಮೊದಲ ಸಣ್ಣ ಹಾಡು ಸಿಗುತ್ತಿತ್ತು, ಏರಲು ಹೊತ್ತೇ ಸಿಗದಂಥ ಹಾಡು. ಪೂರ್ತಿ ಬೈಠಕ್ ಯಾರೂ ಕೊಡಲಿಲ್ಲ. ಮಾಸ್ತರರು ಒಳ್ಳೆಯವರೇ, ಆದರೆ ಸುರದ ವಿಷಯದಲ್ಲಿ ಅವರಿಗೆ ದಾಕ್ಷಿಣ್ಯವಿಲ್ಲ.

ಆ ಮನುಷ್ಯನಿಗಿದ್ದ ಆಸೆ ಒಂದೇ. ಮುಲ್ತಾನಿ ರಾಗ ಹಾಡಬೇಕು. ಅರ್ಧವಲ್ಲ, ಪೂರ್ತಿ. ಮಂದಿ ಕೂತು ಕೇಳಬೇಕು. ಅದರ ಹೊತ್ತಿನಲ್ಲೇ ಹಾಡಬೇಕು. ಮುಲ್ತಾನಿಯ ಹೊತ್ತು ಮಧ್ಯಾಹ್ನ ಇಳಿದು ಸಂಜೆಯಾಗುವ ಮುಂಚಿನದು, ಬಿಸಿಲು ಹಳದಿಯಾಗುವ ಹೊತ್ತು. "ಅದ ಹೊತ್ತಿಗೆ ನನ್ನ ಕಬ್ಬಿಣ ತಯಾರಾಗಿರತೈತಿ ಅಕ್ಕಾರ. ಕಲತಾಗಿಂದ ಆ ಹೊತ್ತು ಕಂಪನಿದು, ಫಸ್ಟ್ ಶಿಫ್ಟ್ ಇದ್ರ ಬಸ್ಸಿಂದು, ನೈಟ್ ಇದ್ರ ನಿದ್ದಿದು. ಸುಟಿ ದಿವಸ ಹಾಡೂಣು ಅಂದ್ರ ಸುಟಿ ಬರೂದು ವಾರದ ನಡುವ. ಕೇಳವ್ರು ಯಾರು, ಎಮ್ಮಿ?" ಅನ್ನುತ್ತಿದ್ದರು. ರವಿವಾರ ಬಿಡುವಿರುವ ಕೆಲಸ ಕೊಡಿ ಅಂತ ಸಾಹೇಬರ ಮುಂದೆ ನಿಂತು ನಿಂತು ಸಾಕಾಗಿತ್ತು. ಭಟ್ಟಿಯ ಕೆಲಸ ಬಲ್ಲವನನ್ನು ಯಾರು ಬಿಡುತ್ತಾರೆ?

ಒಂದು ಸಲ ಆಸ್ಪತ್ರೆಯಿಂದ ನಮ್ಮನ್ನು ಆ ಫೌಂಡ್ರಿಗೇ ಕಳಿಸಿದರು, ಗದ್ದಲ ಎಷ್ಟಿದೆ ಅಂತ ಅಳೆಯಲು. ಒಳಗೆ ಕಾಲಿಟ್ಟೊಡನೆ ಮುಖಕ್ಕೆ ಕಾವು ಹೊಡೆಯಿತು. ಗ್ರೈಂಡರಿನ ಕಿರುಚಾಟ, ಹಳೆ ಕಬ್ಬಿಣ ಸುರಿಯುವ ಸದ್ದು, ಎಲ್ಲದರ ತಳಕ್ಕೆ ಒಂದು ಗುಂಯ್. ಅದು ಭಟ್ಟಿಯದು. ಕರೆಂಟಿನ ಭಟ್ಟಿ ಉರಿಯುವುದಿಲ್ಲ, ಹಾಡುತ್ತದೆ. ಅಟ್ಟದ ಮೇಲೆ, ಮುಖದ ಮುಂದೆ ಗಾಜಿನ ಮುಸುಕು ಇಳಿಬಿಟ್ಟುಕೊಂಡು ಭಟ್ಟಿಬುವಾ ನಿಂತಿದ್ದರು. ಮುಸುಕಿನ ಒಳಗೆ ಅವರ ಬಾಯಿ ಆಡುತ್ತಿತ್ತು. ಪಕ್ಕದಲ್ಲಿದ್ದ ಸೂಪರ್‌ವೈಜರು ನನ್ನ ಕಿವಿಗೆ ಬಾಯಿ ಇಟ್ಟು, "ದೇವರನ್ನ ನೆನಸತಾನ್ರಿ, ದಿನಾ ಹಿಂಗ" ಅಂತ ಒದರಿದರು.

ದೇವರಲ್ಲ. ನನಗೆ ಗೊತ್ತಾಯಿತು, ಅವರು ಹಾಡುತ್ತಿದ್ದರು. ಭಟ್ಟಿಯ ಗುಂಯ್ ಅವರ ತಂಬೂರಿ. ವರ್ಷಗಟ್ಟಲೆ ಅವರ ರಿಯಾಜು ನಡೆದದ್ದು ಇಲ್ಲಿ, ಒಂದು ನರಪಿಳ್ಳೆಗೂ ಅವರ ದನಿ ಕೇಳಿಸದ ಜಾಗದಲ್ಲಿ. ನಾನು ಅಳತೆಯ ಯಂತ್ರ ಹಿಡಿದು ನಿಂತವಳು ನಿಂತೇಬಿಟ್ಟೆ. ಅಷ್ಟರಲ್ಲಿ ಇನ್ನೊಂದು ಕೇಳಿಸಿತು. ಗುಂಯ್ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕಬ್ಬಿಣ ಗಟ್ಟಿಯಿದ್ದಾಗ ತಗ್ಗಿನ ದನಿ. ಕರಗುತ್ತ ಬಂದ ಹಾಗೆ ಕೂದಲೆಳೆಯಷ್ಟು, ಮತ್ತೊಂದು ಎಳೆಯಷ್ಟು, ಅದು ಏರುತ್ತಿತ್ತು. ಗುರುಗಳು ತಂಬೂರಿ ಬಡಿದು ಬಡಿದು ಸತ್ತರು, ಈ ಮನುಷ್ಯ ಯಾಕೆ ಏರುತ್ತಾನೆ ಅಂತ ತಿಳಿಯದೆಯೇ.

ಊಟದ ಬಿಡುವಿನಲ್ಲಿ ನಳದ ಬಳಿ ಮುಖ ತೊಳೆಯುತ್ತಿದ್ದರು. ನನ್ನನ್ನು ನೋಡಿ ಸಣ್ಣ ಹುಡುಗನ ಹಾಗೆ ಕೇಳಿದರು. "ನನ್ನ ತಂಬೂರಿ ಕೇಳಿದ್ರ್ಯಾ ಅಕ್ಕಾರ?"

"ಕೇಳಿದೆ. ಬುವಾ, ಅದು ಏರತೈತಿ."

ಅವರು ಟವೆಲಿನಿಂದ ಮುಖ ಒರೆಸಿಕೊಂಡು ನಕ್ಕರು. "ಏರಲಿಲ್ಲಂದ್ರ ಕಬ್ಬಿಣ ಹೆಂಗ ಕರಗೀತ್ರಿ?"

ಗದ್ದಲದ ಅಳತೆ ಬರೆದುಕೊಂಡು ನಾನು ಆಸ್ಪತ್ರೆಗೆ ಮರಳಿದೆ.

ಆ ವರ್ಷದ ತಪಾಸಣೆಯಲ್ಲಿ ಅವರ ಕಿವಿ ಇನ್ನಷ್ಟು ಇಳಿದಿತ್ತು. ನಮ್ಮ ಡಾಕ್ಟರು ಇನ್ನು ಭಟ್ಟಿಯ ಮುಂದೆ ನಿಲ್ಲಿಸಬೇಡಿ ಅಂತ ಬರೆದುಕೊಟ್ಟರು. ಕಂಪನಿಯವರು ಸ್ಟೋರಿಗೆ ಹಾಕಿದರು. ನಟ್ಟು ಬೋಲ್ಟು ಎತ್ತಿಕೊಡುವ ಕೆಲಸ, ತಂಪು ಖೋಲಿ, ಹಗಲಿನ ಹೊತ್ತು ಅಷ್ಟೇ, ಮೇಲಾಗಿ ರವಿವಾರ ಸುಟಿ. ಎಷ್ಟು ವರ್ಷದಿಂದ ಬೇಡಿದ್ದು! ಬೈಠಕಿನಲ್ಲಿ ನಾವೆಲ್ಲ ಅವರಿಗೆ ಪೇಢೆ ತಿನ್ನಿಸಿದೆವು. ಕಂಡಕ್ಟರ್ ಬೆನ್ನು ತಟ್ಟಿ, "ಇನ್ನ ಮುಲ್ತಾನಿ ಅಂದ್ರ ನೀವ, ನೀವು ಅಂದ್ರ ಮುಲ್ತಾನಿ" ಅಂದ. ಬುವಾ ಪೇಢೆ ತಿನ್ನುತ್ತ ನಗುತ್ತಲೇ ಇದ್ದರು.

ಆಮೇಲೆ ಬೈಠಕಿಗೆ ಬರುವುದನ್ನೇ ಬಿಟ್ಟರು.

ಒಂದು ವಾರ ಬರಲಿಲ್ಲ, ಎರಡು ವಾರ ಬರಲಿಲ್ಲ. ಮಾಸ್ತರರು ಫೋನು ಮಾಡಿದರೆ ಮೈ ಸರಿಯಿಲ್ಲ ಅಂದರಂತೆ. ಬಸ್ಸಿನಲ್ಲೂ ಸುಮ್ಮನೆ ಕೂಡುತ್ತಾರೆ ಅಂತ ಕಂಡಕ್ಟರ್ ಹೇಳಿದ. ತಾನು ಠೇಕಾ ಕುಟ್ಟಿದರೆ ಕೈ ಹಿಡಿದು ನಿಲ್ಲಿಸಿದರು ಅಂತ ಅವನಿಗೆ ಬೇಸರ. ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಾನೇ ಅವರನ್ನು ಹಿಡಿದೆ. ಬಲಗಡೆಗೆ ಹೋಗಿ ನಿಂತು ಜೋರು ಮಾಡಿದೆ. "ಏನ್ರೀ ಬುವಾ, ಬೇಕಾದ್ದೆಲ್ಲಾ ಸಿಕ್ಕಿಂದ ನಮ್ಮನ್ನ ಮರತ್ರ್ಯಾ?"

ಬಸ್ಸುಗಳ ಆ ಗದ್ದಲದಲ್ಲಿ ಅವರು ಹೇಳಿದ್ದು ನನಗೆ ಅಕ್ಷರಕ್ಕಕ್ಷರ ನೆನಪಿದೆ. "ಭಟ್ಟಿ ಮುಂದ ಇದ್ದಾಗ ಒಳಗಿಂದು ಹೊರಗಿಂದು ಎರಡೂ ಕೂಡೇ ಏರತಿದ್ವು ಅಕ್ಕಾರ. ಈಗ ಭಟ್ಟಿ ಇಲ್ಲ. ಒಳಗಿಂದು ಒಂದ ಏರಾಕತ್ತೈತಿ, ಡಬ್ಬಿ ನಿಂತಲ್ಲೇ ನಿಂತೈತಿ. ಯಾವುದರ ಜೋಡಿ ಹಾಡಲಿ?"

"ಡಬ್ಬಿ ಜೋಡಿನ ಹಾಡಬೇಕ್ರಿ. ಎಲ್ಲಾರೂ ಹಂಗ ಹಾಡತಾರ."

"ಡಬ್ಬಿ ನಿಮಗ ಕೇಳಸತೈತಿ. ನನಗ ಕೇಳಸೂದು ಒಳಗಿಂದು."

ಖಾನಾಪುರದ ಬಸ್ಸು ಬಂತು, ಹತ್ತಿ ಹೋದರು. ಕಿವಿಯನ್ನೇ ನೌಕರಿ ಮಾಡಿಕೊಂಡವಳು ನಾನು, ಅವರ ಕಿವಿಗೆ ನನ್ನ ಬಳಿ ಏನೂ ಇರಲಿಲ್ಲ. ಹೊತ್ತು ಸಿಕ್ಕಿತ್ತು, ಸಾ ಹೋಗಿತ್ತು. ಇಂಥ ವಿಚಿತ್ರ ಯಾರ ಪಾಲಿಗೂ ಬರಬಾರದು.

ಚಳಿಗಾಲ ಮುಗಿಯುವ ಹೊತ್ತಿಗೆ ಅವರದೇ ಫೋನು ಬಂತು. ಬರುವ ರವಿವಾರ ತಮ್ಮ ಮನೆಯಲ್ಲಿ ಬೈಠಕ್, ಮುಲ್ತಾನಿ, ಎಲ್ಲರೂ ಖಾನಾಪುರಕ್ಕೆ ಬರಬೇಕು. ಮಾಸ್ತರರು ಮೂಗು ಮುರಿದರು. "ಸಣ್ಣ ಹಾಡಿನಾಗ ಏರೂ ಮನುಷ್ಯಾ ನಿಧಾನದ ವಿಲಂಬಿತದಾಗ ಎಲ್ಲಿಗೆ ಹೋಗ್ಯಾನು? ಆಕಾಶಕ್ಕ?" ಅಂದರು. ಅಂದರೂ ಮೊದಲು ಬಸ್ಸು ಹತ್ತಿದವರು ಅವರೇ.

ಹೆಂಚಿನ ಮನೆ, ಮುಂದೆ ಸಗಣಿ ಸಾರಿಸಿದ ಅಂಗಳ. ಹಿತ್ತಲ ಕಡೆಯ ಇಳುಕಲಿನಲ್ಲಿ ಮಲಪ್ರಭೆ, ಆ ತಿಂಗಳಲ್ಲಿ ಅದಕ್ಕೆ ಸದ್ದಿರುವುದಿಲ್ಲ. ಪಡಸಾಲೆಯ ತುಂಬ ಮಂದಿ. ನಮ್ಮವರು, ಬಂಧುಬಳಗ, ಫೌಂಡ್ರಿಯ ಕೆಲವರು. ಫೌಂಡ್ರಿಯವರು ಅಷ್ಟು ವರ್ಷ ಜೊತೆಗಿದ್ದರೂ ಅವರ ದನಿ ಕೇಳಲು ಬಂದದ್ದು ಅದೇ ಮೊದಲು. ಅವರ ಹೆಂಡತಿ ಮರಾಠಿ ಮನೆಯವರು, ಮನೆಯಲ್ಲಿ ಎರಡೂ ಭಾಷೆ ಕೂಡಿಯೇ ನಡೆಯುತ್ತಿತ್ತು. "ಅಹೋ, ಚಹಾ ಘ್ಯಾ ಆಧೀ" ಅಂತ ಅವರು ಕಪ್ಪು ಕೊಟ್ಟರೆ, ಬುವಾ "ಆಮ್ಯಾಲ ಕುಡೀತೇನಿ" ಅಂತ ಬದಿಗಿಟ್ಟರು. ತೋಳಿನ ಗುಂಡಿ ಹಾಕಿಕೊಂಡಿರಲಿಲ್ಲ. ಮೊದಲ ಸಲ ಆ ಸಾಸಿವೆ ಕಲೆಗಳನ್ನು ಮುಚ್ಚದೆ ಹಾಡಲು ಕೂತಿದ್ದರು.

ಪೇಟಿಯ ಮೊದಲ ಕರಿ ಪಟ್ಟಿಗೆ, ಕರಿ ಒಂದಕ್ಕೆ, ಡಬ್ಬಿ ಹೊಂದಿಸಿದೆವು. ಶುರು ಮಾಡಿದರು. ಆ ಸಾ! ಮಾಸ್ತರರು ಕಣ್ಣು ಮುಚ್ಚಿದರು. ಮುಲ್ತಾನಿಯ ಕೋಮಲ ಗಾಂಧಾರ ಬಂದಾಗ, ಬಾಗಿಲಿನಿಂದ ಒಳಗೆ ಬಿದ್ದಿದ್ದ ಬಿಸಿಲು ನಿಜವಾಗಿಯೂ ಹಳದಿಯಾಗಿತ್ತು. ನನಗೆ ಒಂದೇ ಪ್ರಾರ್ಥನೆ. ಶಿವನೇ, ಇವತ್ತೊಂದು ದಿನ ಇವರನ್ನು ಇಲ್ಲೇ ನಿಲ್ಲಿಸು.

ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಮೊದಲ ಎಳೆ ಸರಿಯಿತು. ನನ್ನ ಪೇಟಿಗೂ ಅವರ ದನಿಗೂ ನಡುವೆ ತೆಳ್ಳಗೆ ತಕರಾರು ಶುರುವಾಯಿತು. ಮಾಸ್ತರರು ಕಣ್ಣು ತೆರೆದು ನನ್ನ ಕಡೆ ನೋಡಿದರು. ಆಗ ಬುವಾ, ಹಾಡು ಬಿಡದೆ, ಬಲಗೈ ಚಾಚಿದರು. ಡಬ್ಬಿಯ ಸಣ್ಣ ತಿರುಗಣೆ ಹಿಡಿದು ಒಂದಿಷ್ಟೇ ಇಷ್ಟು ತಿರುಗಿಸಿದರು. ತಂಬೂರಿ ಮೇಲೆ ಬಂತು. ಬಂದು ಅವರ ಸಾದಲ್ಲಿ ಕೂತಿತು.

ತಾಳದ ಇನ್ನೊಂದು ಆವರ್ತನೆ, ಇನ್ನೊಂದಿಷ್ಟು. ಭಟ್ಟಿಯ ಕಾವು ಹೆಚ್ಚಿಸುವವರ ಹಾಗೆ, ಅವಸರವಿಲ್ಲದೆ, ನೋಡದೆ, ಕೈ ತಾನೇ ಹೋಗುತ್ತಿತ್ತು. ಕಂಡಕ್ಟರ್ ನನ್ನತ್ತ ತಿರುಗಿ ಹುಬ್ಬು ಹಾರಿಸಿದ. ಮರುಕ್ಷಣ ಸುತ್ತಿಗೆ ತೆಗೆದು, ನುಡಿಸುತ್ತ ನುಡಿಸುತ್ತಲೇ ತಬಲಾದ ಅಂಚಿಗೆ ಟಕ್ ಅಂತ ಒಂದೇಟು ಕೊಟ್ಟು ಅದನ್ನೂ ಏರಿಸಿದ. ತಂಬೂರಿ ಏರಿತು, ತಬಲಾ ಏರಿತು, ಹಾಡು ಏರಿತು. ಪೇಟಿ ಏರುವಂತಿಲ್ಲ. ಅದರ ಸ್ವರ ಮಾಡಿದವನು ಮಾಡಿದ ಕಡೆಗೇ ಇರುತ್ತವೆ. ನಾನೊಬ್ಬಳು ಕೆಳಗೆ ಉಳಿದೆ. ನುಡಿಸಿದರೆ ಅವರನ್ನು ಸುಳ್ಳು ಮಾಡಿದಂತೆ. ಗಾಳಿ ಹಾಕುವ ಭಾತೆ ಮುಚ್ಚಿ, ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

ಅಲ್ಲಿಂದ ಕಡೆಯವರೆಗೂ ಹಾಗೇ ಕೂತಿದ್ದೆ. ಬಿರುಸು ನಡೆಯ ದ್ರುತ್ ಬಂದಾಗ ಆ ದನಿ ಕರಗಿ ಹರಿಯುತ್ತಿತ್ತು, ಎಲ್ಲಿಯೂ ಒಂದು ಗಂಟಿಲ್ಲ. ಕರಿ ಒಂದರಿಂದ ಹೊರಟವರು ಅದರ ಮುಂದಿನ ಪಟ್ಟಿ ಬಿಳಿ ಎರಡನ್ನು ದಾಟಿ ಹೋಗಿದ್ದರು, ಬೇಸುರ ಅನ್ನಲು ಒಂದು ಜಾಗವಿರಲಿಲ್ಲ. ಫೌಂಡ್ರಿಯ ಸೂಪರ್‌ವೈಜರು ಬಾಯಿ ತೆರೆದುಕೊಂಡು ಕೂತಿದ್ದರು. ಸಂಜೆಯ ಬಸ್ಸಿಗೆ ಯಾರೂ ಏಳಲಿಲ್ಲ. ಮುಗಿದಾಗ ಮಾಸ್ತರರು "ಏರಿದ್ರಿ ಬುವಾ" ಅಂದರು. ಆಮೇಲೆ, "ಏರಿ ಮುಟ್ಟಿದ್ರಿ" ಅಂದರು.

ಬುವಾ ಅವರ ಕಾಲು ಮುಟ್ಟಿ, ಆರಿಹೋದ ಚಹಾ ಎತ್ತಿ ಕುಡಿದು, ನನ್ನ ಕಡೆ ಬಂದರು. ಕಣ್ಣು ತುಂಬಿತ್ತು. ಎರಡೂ ಕೈ ಜೋಡಿಸಿದರು.

"ಅಕ್ಕಾರ, ಇವತ್ತ ನಿಮ್ಮ ಪೇಟಿ ಭಾಳ ಛಲೋ ಇತ್ರಿ. ಒಂದ ಸಲಾನೂ ಕೈ ಬಿಡಲಿಲ್ಲ ನೀವು. ನಾ ಎಲ್ಲಿ ಹೋದ್ರೂ ಬಾಜೂಕ ಇದ್ರಿ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ನಾನೂ ಕೈ ಜೋಡಿಸಿದೆ.

ಈ ಮಳೆಗಾಲದಲ್ಲಿ ಅವರು ಹೋದರು. ರವಿವಾರ ಉಂಡು ಮಲಗಿದವರನ್ನು ಇಳಿಹೊತ್ತಿಗೆ ಚಹಾಕ್ಕೆ ಎಬ್ಬಿಸಲು ಹೋದರೆ ಏಳಲಿಲ್ಲವಂತೆ. ನಾನೂ ಕಂಡಕ್ಟರನೂ ಮನೆಯವರನ್ನು ಮಾತಾಡಿಸಲು ಹೋದೆವು. ಹೆಂಚಿನ ಮೇಲೆ ಮಳೆ ಬಡಿಯುತ್ತಿತ್ತು, ಹಿತ್ತಲಲ್ಲಿ ಮಲಪ್ರಭೆ ತುಂಬಿ ಹೊರಳುತ್ತಿತ್ತು. ಬೈಠಕ್ ಆದ ಪಡಸಾಲೆಯಲ್ಲೇ ಕೂಡಿಸಿದರು. ಕಂಡಕ್ಟರ್ ಹೊರಗೆ ಬೀಡಿ ಸೇದಲು ಎದ್ದು ಹೋದ ಮೇಲೆ ಬುವಾರ ಹೆಂಡತಿ ನನ್ನ ಹತ್ತಿರಕ್ಕೆ ಸರಿದು ಕೂತರು.

"ಬಾಈ, ಖರಂ ಸಾಂಗಾ. ಖರೇ ಹೇಳ್ರಿ. ಆ ದಿವಸ ನಾ ಅಡಗಿಮನಿ ಬಾಗಲದಾಗ ನಿಂತು ನೋಡೇನಿ, ನಿಮ್ಮ ಕೈ ಮಡಲಾಗ ಇದ್ವು. ನೀವು ಪೇಟಿ ನುಡಿಸಲಿಲ್ಲ. ಹೌದಲ್ಲೋ?"

"ಹೌದ್ರಿ. ಅರ್ಧಕ್ಕ ಬಿಟ್ಟಿದ್ದೆ."

"ಮತ್ತ ಇವ್ರಿಗೆ ಹೆಂಗ ಕೇಳಿಸ್ತು? ಕಡೀತನಕಾ ಅದನ್ನ ಹೇಳತಿದ್ರು. ಡಬ್ಬಿ ಬಂದ್ ಮಾಡಿ ಸುಮ್ಮ ಕುಂದರತಿದ್ರು. ಏನ್ ಮಾಡಾಕತ್ತೀರಿ ಅಂದ್ರ, 'ಸುಮ್ಮಿರು, ಪೇಟಿ ಅಕ್ಕಾರು ನುಡಸಾಕತ್ತಾರ, ಕೇಳೂಣು' ಅಂತಿದ್ರು. ಹೋದ ದಿವಸಾನೂ ಹಂಗ ಅಂದು ಮಲಗಿದ್ರು."

ನಾನು ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಗದ್ದಲದಲ್ಲಿ ದುಡಿದವರ ಕಿವಿ, ಉಳಿದುಹೋಗುವ ಸದ್ದು, ಮಿದುಳು ಅದಕ್ಕೆ ಕೊಡುವ ರೂಪ. ಆಸ್ಪತ್ರೆಯಲ್ಲಿ ದಿನಾ ಹೇಳುವ ಮಾತುಗಳೇ. ಅವರು ಪೂರ್ತಿ ಕೇಳಿದರು, ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಅದೆಲ್ಲಾ ರೋಗದ ಮಾತಾತ್ರಿ. ನಾ ಕೇಳಿದ್ದು, ನುಡಸತಿದ್ದವ್ರು ಯಾರು ಅಂತ."

ಮಳೆ ಸಣ್ಣಗಾದಾಗ ಕಂಡಕ್ಟರ್ ಒಳಗೆ ಹಣಕಿ, ಬಸ್ಸಿನ ಹೊತ್ತಾಯಿತು ಅಂದ.

ಮರುದಿನ ಆಸ್ಪತ್ರೆಯಲ್ಲಿ ಊಟದ ಹೊತ್ತು. ಎಲ್ಲರೂ ಕ್ಯಾಂಟೀನಿಗೆ ಹೋಗಿದ್ದರು. ಪರೀಕ್ಷೆಯ ಯಂತ್ರ ಚಾಲೂ ಇತ್ತು. ನನಗೇನನ್ನಿಸಿತೋ, ಒಳಖೋಲಿಗೆ ಹೋಗಿ ದಪ್ಪ ಬಾಗಿಲು ಎಳೆದುಕೊಂಡೆ. ಪೇಶಂಟಿನ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡೆ, ಗುಂಡಿ ಕೈಯಲ್ಲಿ ಹಿಡಿದೆ. ಇಷ್ಟು ವರ್ಷದಲ್ಲಿ ಆ ಕಡೆ ಕೂತಿದ್ದು ಅದೇ ಮೊದಲು. ನನ್ನ ಕಿವಿಗಳಿಗೆ ಏನೂ ಆಗಿಲ್ಲ, ನಾನು ಯಾವ ಭಟ್ಟಿಯ ಮುಂದೆಯೂ ನಿಂತವಳಲ್ಲ. ಬುವಾರನ್ನು ನೆನೆಸಿಕೊಂಡು ಅಳು ಬಂತು, ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ಸುಮ್ಮನೆ ಕೂತೆ. ಬಸ್ಸಿಲ್ಲ, ಮಳೆಯಿಲ್ಲ, ಯಾರೂ ಇಲ್ಲ.

ತಳದಲ್ಲಿ ಎಲ್ಲೋ ಒಂದು ಸಾ ಇತ್ತು. ಕರಿ ಪಟ್ಟಿಗೂ ಬಿಳಿ ಪಟ್ಟಿಗೂ ನಡುವಿನದು. ಕೂದಲೆಳೆಯಷ್ಟು, ಮತ್ತೊಂದು ಎಳೆಯಷ್ಟು, ಅದು ಏರಿತು. ಅದರ ಬಾಜೂಕೆ, ಒಂದು ಹೆಜ್ಜೆಯೂ ಹಿಂದೆ ಬೀಳದೆ, ಪೇಟಿ ಏರುತ್ತಿತ್ತು. ನನ್ನದೇ ಪೇಟಿ, ಅಪ್ಪನ ಕಾಲದ ಆ ಸಣ್ಣ ಗೊಗ್ಗರು ಧ್ವನಿ.

ಗುಂಡಿ ಒತ್ತಿದೆ. ಗಾಜಿನಾಚೆ, ನನ್ನ ಖಾಲಿ ಕುರ್ಚಿಯ ಮುಂದೆ, ಹಸಿರು ದೀಪ ಹತ್ತಿತು.